ಭರ್ಜಿಯ ಗುರುತ್ವ ಕೇಂದ್ರ

1984ರ ಜುಲೈ 20ರಂದು ಪೂರ್ವ ಬರ್ಲಿನ್ನಿನಲ್ಲಿ ಉವೆ ಹೋನ್ ಎಸೆದ ಭರ್ಜಿ 104.80 ಮೀಟರ್ ದೂರಕ್ಕೆ ಹೋಗಿ ಬಿದ್ದಿತು. ಕ್ರೀಡಾಂಗಣದ ಅಂಗಳವೇ ಸಾಲದಾಗುವ ಆತಂಕ ಹುಟ್ಟಿತು. ಮೇಲಾಗಿ, ಹಳೆಯ ಭರ್ಜಿ ತೇಲುತ್ತ ಬಂದು ಅನೇಕ ವೇಳೆ ಮಟ್ಟಸವಾಗಿ ಬೀಳುತ್ತಿದ್ದುದರಿಂದ ಎಸೆತ ಸರಿಯೇ ತಪ್ಪೇ ಎಂಬ ವಿವಾದಗಳೂ ಏಳುತ್ತಿದ್ದವು.

ಪರಿಹಾರವನ್ನು ಒದಗಿಸಿದ್ದು ಭೌತಶಾಸ್ತ್ರ. 1986ರಲ್ಲಿ ಪುರುಷರ ಭರ್ಜಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಲಾಯಿತು. ತೂಕ ಮಾತ್ರ ಅದೇ 800 ಗ್ರಾಂ. ಗಾಳಿಯ ಒತ್ತಡವು ಆ ಕೇಂದ್ರದ ಹಿಂಬದಿಯಲ್ಲಿ ವರ್ತಿಸುವುದರಿಂದ ಮೊನೆ ಬೇಗನೆ ಕೆಳಗೆ ಬಾಗಿ ನೆಲಕ್ಕೆ ನಾಟತೊಡಗಿತು. ಅದೇ ವರ್ಷ ಹೊಸ ಭರ್ಜಿಯ ಮೊದಲ ವಿಶ್ವದಾಖಲೆ 85.74 ಮೀಟರ್ ಎಂದು ಬರೆಯಲ್ಪಟ್ಟಿತು.

ಹೋನ್ ಅವರು ಮುಂದೆ ನಮ್ಮ ನೀರಜ್ ಚೋಪ್ರಾ ಅವರಿಗೆ ಕೆಲಕಾಲ ತರಬೇತುದಾರರಾಗಿದ್ದರು. ಗುರುಶಿಷ್ಯರ ಎಸೆತಗಳನ್ನು ಹೋಲಿಸುವ ಮುನ್ನ, ಪ್ರಿಯ ವಿದ್ಯಾರ್ಥಿಗಳೇ, ಅವರವರ ಕೈಯಲ್ಲಿದ್ದ ಭರ್ಜಿ ಯಾವುದೆಂದು ಕೇಳಿಕೊಳ್ಳುವುದು ನ್ಯಾಯ.