ಅಂಗೈ ಮೇಲಿನ ವ್ಯಾಂಕೆಲ್

ಪುಣೆಗೆ ಬಂದು ನಲವತ್ತು ವರ್ಷ ದಾಟಿತು. ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಹಿತ್ತಾಳೆ ತುಂಡು ಸಿಕ್ಕಿತು. ಮೂರು ಮೂಲೆ, ಉಬ್ಬಿದ ಬದಿಗಳು, ನಡುವೆ ಹಲ್ಲಿರುವ ತೂತು. "ಇದೇನ್ರಿ, ಗುಜರಿಗೆ ಹಾಕ್ಲೇನು?" ಅಂದಳು ನನ್ನಾಕೆ. ಬೇಡ ಅಂದೆ. ಅದು 1988ರಲ್ಲಿ, ಭೋಸರಿಯ ಟೂಲ್‌ರೂಮೊಂದರಲ್ಲಿದ್ದಾಗ, ನಾನು ಮಾಡಲು ಹೋಗಿ ಸೋತ ಇಂಜಿನ್ನಿನ ರೋಟರ್.

ಆಗ ಮಾದರಿ ವಿಮಾನ ಹಾರಿಸುವ ಹವ್ಯಾಸಿಯೊಬ್ಬರು ಒಂದು ಪುಟ್ಟ ಇಂಜಿನ್ ತಂದು ತೋರಿಸಿದ್ದರು. ಮುಷ್ಟಿಯಲ್ಲಿ ಹಿಡಿಸುವಷ್ಟು. ಜರ್ಮನಿಯ ಗ್ರಾಪ್ನರ್ ಕಂಪನಿಗಾಗಿ ಜಪಾನಿನ ಓ.ಎಸ್. ಕಂಪನಿ 1970ರ ಹೊತ್ತಿಗೆ ಮಾಡಲು ಶುರುಮಾಡಿದ ವ್ಯಾಂಕೆಲ್ ಅದು. ಅಳತೆ 4.97 ಸಿಸಿ! ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನನಗೆ ಹುಚ್ಚೇ ಹಿಡಿಯಿತು.

ಈ ಇಂಜಿನ್ನಿನ ಮೂಲಪುರುಷ ಫೆಲಿಕ್ಸ್ ವ್ಯಾಂಕೆಲ್. ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಅವನ ಮೊದಲ ಮಾದರಿ ಓಡಿದ್ದು 1957ರ ಫೆಬ್ರವರಿಯಲ್ಲಿ. ಅದರಲ್ಲಿ ಒಳಗಿನ ರೋಟರ್ ಮಾತ್ರವಲ್ಲ, ಹೊರಗಿನ ಕೋಣೆಯೂ ತಿರುಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬದಲಿಸಲು ಇಡೀ ಇಂಜಿನ್ ಬಿಚ್ಚಬೇಕು. ಅಲ್ಲಿಯ ಇಂಜಿನಿಯರ್ ಪಾಶ್ಕೆ ಕೋಣೆಯನ್ನು ನಿಲ್ಲಿಸಿ, ರೋಟರನ್ನು ಮಾತ್ರ ತಿರುಗಿಸಿದ. ವ್ಯಾಂಕೆಲ್‌ಗೆ ಇದು ಸೇರಲಿಲ್ಲ. ರೇಸಿನ ಕುದುರೆಯನ್ನು ನೇಗಿಲಿಗೆ ಕಟ್ಟಿದಂತಾಯಿತು ಎಂಬರ್ಥದಲ್ಲಿ ಬೈದನಂತೆ. ಆದರೆ ಜಗತ್ತು ನೆಚ್ಚಿಕೊಂಡದ್ದು ಆ ನೇಗಿಲ ಕುದುರೆಯನ್ನೇ.

ಕೆಲಸ ಹೀಗೆ. ಕೋಣೆಯ ಒಳಮೈ ನಡು ತುಸು ಕುಗ್ಗಿದ ಶೇಂಗಾಕಾಯಿಯ ಹಾಗೆ. ಅದರೊಳಗೆ ಮೂರು ಮೂಲೆಯ ರೋಟರ್ ಹೊರಳುತ್ತಾ ತಿರುಗುತ್ತದೆ. ಮೂರು ತುದಿಗಳೂ ಗೋಡೆಗೆ ಸದಾ ತಾಗಿಯೇ ಇರುವುದರಿಂದ ಮೂರು ಗೂಡುಗಳಾಗುತ್ತವೆ. ಒಂದೊಂದೂ ಹಿಗ್ಗಿ ಕುಗ್ಗಿ ಗಾಳಿ ಎಳೆದು, ಒತ್ತಿ, ಸುಟ್ಟು, ಹೊರಹಾಕುತ್ತದೆ. ರೋಟರ್ ಒಂದು ಸುತ್ತು ಬರುವಾಗ ಶಾಫ್ಟ್ ಮೂರು ಸುತ್ತು. ರೋಟರಿನ ಒಳಹಲ್ಲಿಗೂ ಕದಲದೆ ಕೂತ ಗೇರಿನ ಹಲ್ಲಿಗೂ ಲೆಕ್ಕ 3:2.

ನೋಡಲು ಇಷ್ಟೇ. ತಲೆನೋವು ಇರುವುದು ಸೀಲಿನಲ್ಲಿ. ಮಾಜ್ದಾದವರ ಮೊದಮೊದಲ ಇಂಜಿನ್ನುಗಳಲ್ಲಿ ತುದಿಯ ಸೀಲುಗಳು ಅದುರಿ ಗೋಡೆಯ ಮೇಲೆ ಗೀರು ಹಾಕುತ್ತಿದ್ದವು. ದೆವ್ವದ ಉಗುರಿನ ಗುರುತು ಅನ್ನುತ್ತಿದ್ದರಂತೆ. ಅದನ್ನು ಗೆದ್ದ ಮೇಲೆಯೇ 1967ರಲ್ಲಿ ಅವರ ಕಾಸ್ಮೋ ಕಾರು ಮಾರುಕಟ್ಟೆಗೆ ಬಂತು.

ಚಿಕ್ಕದು ಮಾಡಹೊರಟರೆ ಕಷ್ಟ ಇನ್ನೂ ಜಾಸ್ತಿ. ಅಳತೆ ಹತ್ತನೇ ಒಂದು ಪಾಲಿಗಿಳಿದರೆ ಒಳಗಿನ ಜಾಗ ಸಾವಿರದ ಒಂದು ಪಾಲಾಗುತ್ತದೆ, ಗೋಡೆಯ ಮೈ ಮಾತ್ರ ನೂರರ ಒಂದು ಪಾಲು. ಅಂದರೆ ಇರುವ ಅಷ್ಟಿಷ್ಟು ಶಾಖವನ್ನೂ ಗೋಡೆಯೇ ನುಂಗುತ್ತದೆ. ಸೀಲಿನ ಸಂದು ಮಾತ್ರ ಅದೇ ಅನುಪಾತದಲ್ಲಿ ಸಣ್ಣದಾಗುವುದಿಲ್ಲ, ಏಕೆಂದರೆ ಮಶೀನು ತನ್ನ ಕೈಲಾದಷ್ಟೇ ನಯ ಮಾಡುತ್ತದೆ.

ನಾನು ಎಡವಿದ್ದೂ ಅಲ್ಲೇ. ಡ್ಯೂಟಿ ಮುಗಿದ ಮೇಲೆ ನಾಲ್ಕು ತಿಂಗಳು ಕೂತು ಸ್ಟೀಲಿನ ಕೋಣೆ, ಹಿತ್ತಾಳೆಯ ರೋಟರ್ ಮಾಡಿದೆ. ಓ.ಎಸ್. ನೋಡಿ ತುದಿಗೆ ಸೀಲು, ಅದರ ಹಿಂದೆ ಸ್ಪ್ರಿಂಗು, ಎಲ್ಲಾ ಇಟ್ಟೆ. ಬಿಸಿಯಾದರೆ ಹಿತ್ತಾಳೆ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತದೆ ಎಂಬುದನ್ನು ಮರೆತಿದ್ದೆ. ಸಿಕ್ಕಿಕೊಂಡಿತು. ರೋಟರಿನ ಎರಡೂ ಬದಿ ತಿಕ್ಕಿ ಸಡಿಲ ಮಾಡಿದೆ. ಆಮೇಲೆ ಕಂಪ್ರೆಸರ್ ಗಾಳಿಗೆ ಗರಗರ ತಿರುಗಿತು, ಇಂಧನಕ್ಕೆ ಒಮ್ಮೆಯೂ ಹೊತ್ತಲಿಲ್ಲ. ನಮ್ಮ ಬೆಳಗಾವಿಯ ಫೋರ್‌ಮನ್ ಕಾಕಾ ತೂತಿಗೆ ಹೆಬ್ಬೆರಳಿಟ್ಟು ಶಾಫ್ಟ್ ತಿರುಗಿಸಿ ನಕ್ಕರು: "ತಮ್ಮಾ, ತುದೀ ಕಾಯಾಕ ಹೋಗಿ ಮಗ್ಗಲಾ ಬಿಟ್ಟಿ. ಜರಡಿ ಆಗೇತಿ ಇದು."

ಜರಡಿಯೇ ಸರಿ! ದೊಡ್ಡ ಇಂಜಿನ್ನುಗಳಲ್ಲಿ ಬದಿಗೂ, ಮೂಲೆಗೂ ಬೇರೆ ಸೀಲು ಇರುತ್ತದೆ ಎಂದು ಆಮೇಲೆ ಓದಿದೆ.

ಇದೇ ಕಷ್ಟದ ಜೊತೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು 1990ರ ದಶಕದ ಕೊನೆಯಿಂದ ವರ್ಷಗಟ್ಟಲೆ ಗುದ್ದಾಡಿದರು. ಬ್ಯಾಟರಿಯ ಬದಲು ಕೂರಿಸಬಹುದಾದ ವ್ಯಾಂಕೆಲ್ ಅವರ ಗುರಿ. ಒಂದು ಕಿಲೋ ಬ್ಯಾಟರಿಗಿಂತ ಒಂದು ಕಿಲೋ ಇಂಧನದಲ್ಲಿ ಹತ್ತಾರು ಪಟ್ಟು ಶಕ್ತಿ ಇದೆಯಲ್ಲ. ಸುಮಾರು ಒಂದು ಸೆಂಟಿಮೀಟರ್ ರೋಟರಿನ ಸ್ಟೀಲ್ ಇಂಜಿನ್ ಅನ್ನು ಸ್ಪಾರ್ಕಿನಿಂದ ಲೋಹ ಕೊರೆಯುವ ಯಂತ್ರದಲ್ಲಿ ಮಾಡಿ, ಹೈಡ್ರೋಜನ್ ಸುಟ್ಟು ಕೆಲವು ವಾಟ್ ತೆಗೆದರು. ಹೈಡ್ರೋಜನ್ ಏಕೆಂದರೆ ಇಕ್ಕಟ್ಟಿನಲ್ಲೂ ಅದರ ಜ್ವಾಲೆ ಬೇಗ ಆರುವುದಿಲ್ಲ. ಒಂದು ಮಿಲಿಮೀಟರ್ ಆಸುಪಾಸಿನ ಸಿಲಿಕಾನ್ ರೋಟರನ್ನೂ ಕೆತ್ತಿದರು. ಆದರೆ ಅಂಥದ್ದು ಯಾರ ಫೋನಿನೊಳಗೂ ಬಂದು ಕೂರಲಿಲ್ಲ.

ಡಬ್ಬಿ ಮತ್ತೆ ಕೆದಕಿದೆ. ಮೂರು ಸೀಲಿನಲ್ಲಿ ಎರಡು ಸಿಕ್ಕವು. ಮೂರನೆಯದಕ್ಕೆ ಅಟ್ಟದಲ್ಲಿ ಇನ್ನೂ ಹುಡುಕುತ್ತಿದ್ದೇನೆ.