ಮೊಡವೆ: ಎರಡು ಸಾವಿರ ವರ್ಷಗಳ ಆತುರ

ಪಿಯುಸಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ದೊಡ್ಡ ಕನ್ನಡಿ. ಬೆಳಿಗ್ಗೆ ಅದರ ಮುಂದೆ ಸಾಲು ನಿಲ್ಲುತ್ತಿತ್ತು. ಒಬ್ಬ ಮೊಡವೆಗೆ ಟೂತ್‌ಪೇಸ್ಟ್ ಬಳಿದುಕೊಂಡರೆ ಇನ್ನೊಬ್ಬ ನಿಂಬೆಹೋಳು ಉಜ್ಜಿಕೊಳ್ಳುತ್ತಿದ್ದ. ಊರಿಗೆ ಹೋದರೆ ಅಜ್ಜಿಯದು ಒಂದೇ ಮಾತು: 'ಮೈಗೆ ಉಷ್ಣ ಆಗೈತೆ, ಮಜ್ಜಿಗೆ ಕುಡಿ ಮಗಾ.' ಗೆಳೆಯರದು ಬೇರೆ ರೋಗನಿದಾನ: 'ನಿನ್ನ ಮೇಲೆ ಯಾರಿಗೋ ಮನಸ್ಸಾಗಿದೆ ಕಣೋ!'

ನಾನು ಹಿಡಿದದ್ದು ಇನ್ನೂ ಸುಲಭದ ದಾರಿ. ಔಷಧಿ ಅಂಗಡಿಯೊಂದಕ್ಕೆ ಹೋಗಿ 'ಮೊಡವೆಗೆ ಏನಾದರೂ ಕೊಡಿ ಅಣ್ಣಾ' ಎಂದೆ. ಚೀಟಿ ಕೇಳದೆ ಒಂದು ಟ್ಯೂಬು ಕೊಟ್ಟರು. ಐದೇ ದಿನದಲ್ಲಿ ಮುಖ ಕನ್ನಡಿಯಂತಾಯಿತು. ಎರಡು ತಿಂಗಳಾದ ಮೇಲೆ ಹಚ್ಚುವುದನ್ನು ಬಿಟ್ಟೆ. ಮುಖವೆಲ್ಲ ಕೆಂಪಾಗಿ ಉರಿಯತೊಡಗಿತು, ಮೊದಲಿಗಿಂತ ಎರಡು ಪಾಲು ಮೊಡವೆ ಎದ್ದವು. ಕೊನೆಗೆ ಚರ್ಮವೈದ್ಯರ ಮುಂದೆ ಕುಳಿತಾಗ ಅವರು ಕೇಳಿದ ಮೊದಲ ಪ್ರಶ್ನೆ, 'ಯಾವ ಟ್ಯೂಬ್ ಹಚ್ಚಿದೆಯಪ್ಪ?'

ಆ ಪ್ರಶ್ನೆಯ ಹಿಂದೆ ಒಂದು ದೀರ್ಘ ಚರಿತ್ರೆಯಿದೆ ಎಂಬುದು ತಿಳಿದದ್ದು ಬಹಳ ತಡವಾಗಿ. ಮೊಡವೆಯನ್ನು ರಾತ್ರೋರಾತ್ರಿ ಓಡಿಸಬೇಕೆಂಬ ಆತುರ ನಮ್ಮ ಹಾಸ್ಟೆಲಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಕಡಿಮೆಯೆಂದರೂ ಎರಡು ಸಾವಿರ ವರ್ಷ ವಯಸ್ಸು.

ಬೂರುಗದ ಮುಳ್ಳು, ಬೀಳುವ ನಕ್ಷತ್ರ

ನಮ್ಮ ಪ್ರಾಚೀನ ವೈದ್ಯರಿಗೆ ಮೊಡವೆಯ ಪರಿಚಯ ಚೆನ್ನಾಗಿಯೇ ಇತ್ತು. ಸುಶ್ರುತ ಸಂಹಿತೆ ಅದನ್ನು 'ಕ್ಷುದ್ರರೋಗ'ಗಳ, ಅಂದರೆ ಸಣ್ಣಪುಟ್ಟ ಕಾಯಿಲೆಗಳ ಗುಂಪಿಗೆ ಸೇರಿಸಿ 'ಮುಖದೂಷಿಕಾ' ಎಂದು ಹೆಸರಿಟ್ಟಿದೆ. ಯೌವನದಲ್ಲಿ ಬರುವ ಈ ಗುಳ್ಳೆಗಳನ್ನು ಅದು ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತದೆ. ಕೆಂಪು ಬೂರುಗದ ಎಳೆಯ ಕಾಂಡವನ್ನು ನೋಡಿದವರಿಗೆ ಈ ಹೋಲಿಕೆ ಎಷ್ಟು ನಿಖರವೆಂದು ಬಿಡಿಸಿ ಹೇಳಬೇಕಿಲ್ಲ. ಕಫ, ವಾತ ಮತ್ತು ರಕ್ತದ ದೋಷ ಇದಕ್ಕೆ ಕಾರಣವೆಂದು ಗ್ರಂಥ ಹೇಳುತ್ತದೆ. ವಾಂತಿ ಮಾಡಿಸುವುದು ಮುಖ್ಯ ಚಿಕಿತ್ಸೆ. ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆ, ಕೊತ್ತಂಬರಿ ಮುಂತಾದವುಗಳ ಲೇಪವನ್ನೂ ಅದು ಸೂಚಿಸುತ್ತದೆ.

ರೋಮನ್ನರ ಧೋರಣೆ ಇನ್ನೊಂದು ಬಗೆ. ಕ್ರಿ.ಶ. ಒಂದನೆಯ ಶತಮಾನದ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಮೊಡವೆ, ಮಚ್ಚೆಗಳಿಗೆ ಚಿಕಿತ್ಸೆ ಮಾಡುವುದು ಹೆಚ್ಚುಕಡಿಮೆ ಮೂರ್ಖತನವೆಂದು ಗೊಣಗುತ್ತಾನೆ. ಆದರೆ ಹೆಂಗಸರಿಗೆ ತಮ್ಮ ರೂಪದ ಚಿಂತೆ ಬಿಡಿಸಲಾಗದು ಎಂದು ಹೇಳಿ, ರಾಳ, ಪಟಿಕ ಮತ್ತು ತುಸು ಜೇನುತುಪ್ಪ ಬೆರೆಸಿ ಹಚ್ಚಿರೆಂದು ಔಷಧವನ್ನೂ ಕೊಡುತ್ತಾನೆ. ರೋಗವನ್ನು ಹಗುರವಾಗಿ ಕಾಣುವ, ರೋಗಿಯನ್ನು ತುಸು ಗೇಲಿ ಮಾಡುವ ಈ ದನಿ ಇಂದಿಗೂ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ.

ಚಕ್ರವರ್ತಿ ಥಿಯೋಡೋಸಿಯಸ್‌ನ ಕಾಲದ ಮಾರ್ಸೆಲಸ್ ಹೇಳಿದ ಉಪಾಯವಂತೂ ಬಲು ಸ್ವಾರಸ್ಯಕರ. ಆಕಾಶದಲ್ಲಿ ನಕ್ಷತ್ರ ಬೀಳುವುದನ್ನೇ ಕಾಯಬೇಕು. ಅದು ಬೀಳುತ್ತಿರುವಾಗಲೇ ಬಟ್ಟೆಯಿಂದ ಮುಖ ಒರೆಸಿಕೊಂಡರೆ ನಕ್ಷತ್ರದಂತೆ ಮೊಡವೆಯೂ ಉದುರುತ್ತದೆ. ಬರಿಗೈಯಲ್ಲಿ ಒರೆಸಿದರೆ ಮಾತ್ರ ಅವು ಕೈಗೆ ಅಂಟಿಕೊಳ್ಳುತ್ತವೆ! ನಗು ಬರಬಹುದು. ಆದರೆ ಕೈಯಿಂದ ಮೊಡವೆ ಮುಟ್ಟಬೇಡಿ ಎನ್ನುವಷ್ಟರ ಮಟ್ಟಿಗೆ ಇಂದಿನ ವೈದ್ಯರೂ ಮಾರ್ಸೆಲಸ್‌ನ ಜೊತೆಗಿದ್ದಾರೆ.

ಇಂಗ್ಲಿಷಿನ 'ಆಕ್ನಿ' ಎಂಬ ಹೆಸರಿನ ಜಾಡು ಆರನೆಯ ಶತಮಾನದ ಗ್ರೀಕ್ ವೈದ್ಯ ಏಟಿಯಸ್‌ವರೆಗೆ ಹೋಗುತ್ತದೆ. ತುತ್ತತುದಿ, ಉತ್ಕರ್ಷ ಎಂಬ ಅರ್ಥದ 'ಆಕ್ಮೆ' ಎಂಬ ಪದವನ್ನು ಲಿಪಿಕಾರ ತಪ್ಪಾಗಿ ನಕಲು ಮಾಡಿದ್ದರಿಂದ ಇದು ಹುಟ್ಟಿತೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ವಾದ.

ರಂಧ್ರದೊಳಗಿನ ಕಥೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ವಿಲನ್ ಮತ್ತು ಆತನ ಶಿಷ್ಯ ಥಾಮಸ್ ಬೇಟ್‌ಮನ್ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಲಕ್ಷಣಗಳ ಮೇಲೆ ವರ್ಗೀಕರಿಸಿದರು. ಶತಮಾನದ ಕೊನೆಗೆ ಸೂಕ್ಷ್ಮದರ್ಶಕ ಬಂದು ಚಿತ್ರ ಬದಲಾಯಿತು. 1896ರಲ್ಲಿ ಜರ್ಮನಿಯ ಪೌಲ್ ಉನ್ನಾ ಮೊಡವೆಯ ಬೆಣೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ. ಮರುವರ್ಷ ಫ್ರಾನ್ಸಿನ ರೇಮಂಡ್ ಸಬೂರೋ ಅವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ. ಹಲವು ಸಲ ಹೆಸರು ಬದಲಿಸಿಕೊಂಡ ಈ ಜೀವಿಯನ್ನು 2016ರಿಂದ 'ಕ್ಯುಟಿಬ್ಯಾಕ್ಟೀರಿಯಂ ಆಕ್ನಿಸ್' ಎಂದು ಕರೆಯಲಾಗುತ್ತಿದೆ.

ಆದರೆ ಈ ಬ್ಯಾಕ್ಟೀರಿಯಾ ಮೊಡವೆ ಇಲ್ಲದವರ ಚರ್ಮದಲ್ಲೂ ವಾಸಿಸುತ್ತದೆ. ಹಾಗಾದರೆ ಹದಿಹರೆಯದಲ್ಲೇ ಏಕೆ ಈ ಕಾಟ? ಉತ್ತರದ ಮುಖ್ಯ ಎಳೆ ಸಿಕ್ಕಿದ್ದು 1941ರಲ್ಲಿ. ವೃಷಣಗಳಿಲ್ಲದ ಪುರುಷರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ ಮೊಡವೆ ಏಳುವುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿಕೊಟ್ಟರು. ಗಂಡು ಹಾರ್ಮೋನು ಹೆಣ್ಣುಮಕ್ಕಳ ದೇಹದಲ್ಲೂ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಪ್ರಾಯಕ್ಕೆ ಬಂದಾಗ ಅದು ರೋಮದ ಬುಡದಲ್ಲಿರುವ ತೈಲಗ್ರಂಥಿಗಳನ್ನು ಹಿಗ್ಗಿಸಿ ಜಿಡ್ಡನ್ನು ಹೆಚ್ಚಿಸುತ್ತದೆ. ರಂಧ್ರದ ಒಳಗೋಡೆಯ ಸತ್ತ ಕೋಶಗಳು ಉದುರಿಹೋಗದೆ ಅಂಟಿಕೊಂಡು ಬೆಣೆಯಾಗುತ್ತವೆ. ಮುಚ್ಚಿದ ರಂಧ್ರದೊಳಗೆ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಮುಗಿಬೀಳುತ್ತದೆ. ಆ ಕಾಳಗವೇ ಕೆಂಪು, ಊತ ಮತ್ತು ಕೀವು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಸರಪಣಿಯಲ್ಲಿ ಕೊಳಕು ಎಲ್ಲಿಯೂ ಇಲ್ಲ. ಪಾರ್ಲರುಗಳಲ್ಲಿ ಬ್ಲ್ಯಾಕ್‌ಹೆಡ್ ಎಂದು ಕರೆಯುವ ಕಪ್ಪು ಚುಕ್ಕೆ ಕೂಡ ಧೂಳಲ್ಲ. ಬೆಣೆಯಲ್ಲಿರುವ ವರ್ಣದ್ರವ್ಯ ಮತ್ತು ಗಾಳಿ ತಾಗಿ ಕಪ್ಪಾದ ಜಿಡ್ಡು ಅದು. ಸರಿಯಾಗಿ ಮುಖ ತೊಳೆಯುವುದಿಲ್ಲ, ಕೆಟ್ಟ ಯೋಚನೆ ಮಾಡುತ್ತಾರೆ ಎಂದು ತಲೆಮಾರುಗಳ ಕಾಲ ಮಕ್ಕಳ ಮೇಲೆ ಹೊರಿಸಿದ ಆರೋಪಕ್ಕೆ ಆಧಾರವೇ ಇರಲಿಲ್ಲ.

ಕ್ಷ-ಕಿರಣದಿಂದ ಸೆರೆಮನೆಯವರೆಗೆ

ಕಾರಣ ಪೂರ್ತಿ ತಿಳಿಯುವ ಮೊದಲೇ ಚಿಕಿತ್ಸೆಗಳ ಭರಾಟೆ ಶುರುವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಸಾವಿರಾರು ಹದಿಹರೆಯದವರ ಮುಖಕ್ಕೆ ಕ್ಷ-ಕಿರಣ ಹಾಯಿಸಲಾಯಿತು. ಕಿರಣ ತೈಲಗ್ರಂಥಿಯನ್ನು ಕುಗ್ಗಿಸುತ್ತಿತ್ತು, ಮೊಡವೆ ಒಣಗುತ್ತಿತ್ತು. ಹೀಗೆ ಮುಖ ತಿಳಿಯಾದವರಲ್ಲಿ ಕೆಲವರಿಗೆ ದಶಕಗಳ ನಂತರ ಥೈರಾಯ್ಡ್ ಮತ್ತು ಚರ್ಮದ ಕ್ಯಾನ್ಸರ್ ಬಂತು.

1950ರಲ್ಲಿ ಗಂಧಕ ಮತ್ತು ರಿಸಾರ್ಸಿನಾಲ್ ಬೆರೆಸಿದ ಕ್ಲಿಯರಸಿಲ್ ಮಾರುಕಟ್ಟೆಗೆ ಬಂದು, ಟೆಲಿವಿಷನ್ನಿನ ಹಾಡು-ಕುಣಿತದ ಕಾರ್ಯಕ್ರಮಗಳ ಮೂಲಕ ಯುವಜನರ ಮನೆಮಾತಾಯಿತು. ಮೊಡವೆ ಒಂದು ದೊಡ್ಡ ವ್ಯಾಪಾರವೂ ಹೌದೆಂದು ಕಂಪನಿಗಳಿಗೆ ಮನವರಿಕೆಯಾಯಿತು. ಅದೇ ದಶಕದಲ್ಲಿ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯ ಬಳಕೆ ಆರಂಭವಾಯಿತು.

ನಿಜವಾದ ತಿರುವು ಬಂದದ್ದು 1969ರಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು ವಿಟಮಿನ್ 'ಎ' ಆಮ್ಲವನ್ನು ಹಚ್ಚಿದರೆ ರಂಧ್ರದ ಬೆಣೆಯೇ ಸಡಿಲಗೊಳ್ಳುತ್ತದೆಂದು ಪ್ರಕಟಿಸಿದರು. ಟ್ರೆಟಿನಾಯಿನ್ ಎಂಬ ಹೆಸರಿನ ಆ ಔಷಧ ಮತ್ತು ಅದರ ಬಂಧು ಅಡಾಪಲೀನ್ ಇಂದಿಗೂ ಮೊಡವೆ ಚಿಕಿತ್ಸೆಯ ಬೆನ್ನೆಲುಬು.

ಆದರೆ ಕ್ಲಿಗ್‌ಮನ್ನರ ಪ್ರಯೋಗಶಾಲೆ ಯಾವುದು? ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆ. 1951ರಿಂದ 1974ರವರೆಗೆ ಅಲ್ಲಿನ ಕೈದಿಗಳ ಬೆನ್ನು, ತೋಳುಗಳ ಮೇಲೆ ಹತ್ತಾರು ರಾಸಾಯನಿಕಗಳನ್ನು ಹಚ್ಚಿ ನೋಡಲಾಯಿತು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಅವರಿಗೆ ಸಿಕ್ಕಿದ್ದು ಕೆಲವು ಡಾಲರುಗಳು. ಏನು ಹಚ್ಚುತ್ತಿದ್ದಾರೆ, ಮುಂದೆ ಏನಾಗಬಹುದು ಎಂಬ ಪೂರ್ಣ ತಿಳಿವಳಿಕೆ ಸಿಗಲಿಲ್ಲ. 1998ರಲ್ಲಿ ಆ್ಯಲನ್ ಹಾರ್ನ್‌ಬ್ಲಮ್ ಬರೆದ ಪುಸ್ತಕದಿಂದ ಇದು ವ್ಯಾಪಕವಾಗಿ ಬಯಲಾಯಿತು. ವಿಶ್ವವಿದ್ಯಾಲಯ 2021ರಲ್ಲಿ, ಫಿಲಡೆಲ್ಫಿಯಾ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿದವು. ಇಂದು ನಾವು ಮಲಗುವ ಮುನ್ನ ಹಚ್ಚಿಕೊಳ್ಳುವ ಕಡಲೆಕಾಳಿನಷ್ಟು ಮುಲಾಮಿನ ಹಿಂದೆ ಆ ಬೆನ್ನುಗಳಿವೆ ಎಂಬುದನ್ನು ಮರೆಯಲಾಗದು.

ಮುಂದಿನ ದೊಡ್ಡ ಹೆಜ್ಜೆ 1979ರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಗ್ಯಾರಿ ಪೆಕ್ ಮತ್ತು ಸಂಗಡಿಗರು ತೀವ್ರ ಮೊಡವೆಯ 14 ರೋಗಿಗಳಿಗೆ ಐಸೊಟ್ರೆಟಿನಾಯಿನ್ ಮಾತ್ರೆ ಕೊಟ್ಟಾಗ 13 ಮಂದಿ ಪೂರ್ತಿ ಗುಣವಾದರು. 1982ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದರ ಬೆನ್ನಿಗೇ, ಗರ್ಭಿಣಿಯರು ಸೇವಿಸಿದರೆ ಶಿಶುವಿಗೆ ತೀವ್ರ ಅಂಗವೈಕಲ್ಯ ಉಂಟಾಗುತ್ತದೆಂಬ ಕಹಿ ಸತ್ಯವೂ ಹೊರಬಿತ್ತು. ಹೀಗಾಗಿ ಗರ್ಭ ಧರಿಸಿಲ್ಲವೆಂದು ಖಚಿತಪಡಿಸಿಕೊಂಡು, ಮಾತ್ರೆ ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ ವಹಿಸಿ, ವೈದ್ಯರ ಕಣ್ಗಾವಲಿನಲ್ಲೇ ಬಳಸಬೇಕಾದ ಔಷಧವಿದು.

ಚಾಕೊಲೇಟ್ ತಿಂದರೆ?

ಕರಿದದ್ದು ತಿಂದರೆ ಮೊಡವೆ, ಚಾಕೊಲೇಟ್ ತಿಂದರೆ ಮೊಡವೆ ಎಂಬ ಮಾತಿಗೂ ಒಂದು ಇತಿಹಾಸವಿದೆ. 1969ರಲ್ಲಿ ಕ್ಲಿಗ್‌ಮನ್ ಬಳಗವೇ 65 ಮಂದಿಗೆ ನಾಲ್ಕು ವಾರ ಚಾಕೊಲೇಟ್ ತಿನ್ನಿಸಿ, ಇನ್ನು ನಾಲ್ಕು ವಾರ ಚಾಕೊಲೇಟ್ ಇಲ್ಲದ ನಕಲಿ ಬಿಲ್ಲೆ ತಿನ್ನಿಸಿ, ವ್ಯತ್ಯಾಸವಿಲ್ಲವೆಂದು ಸಾರಿತು. ಆಹಾರಕ್ಕೂ ಮೊಡವೆಗೂ ಸಂಬಂಧವಿಲ್ಲವೆಂಬ ತೀರ್ಮಾನ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಆದರೆ ಆ ನಕಲಿ ಬಿಲ್ಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಅಷ್ಟೇ ಕೊಬ್ಬು ಇತ್ತು! 2002ರಲ್ಲಿ ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದ 1200 ಜನರನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಮೊಡವೆ ಕಾಣಲಿಲ್ಲ. ಅವರದು ಗೆಡ್ಡೆ, ಮೀನು, ಹಣ್ಣು, ತೆಂಗಿನಕಾಯಿಯ ಊಟ. 2007ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರದಿಂದ ಹುಡುಗರ ಮೊಡವೆ ಕಡಿಮೆಯಾದದ್ದನ್ನು ತೋರಿಸಿತು. ಊಟವೊಂದೇ ಕಾರಣವಲ್ಲ, ಆದರೆ ಬೇಕರಿ ತಿಂಡಿ, ಸಿಹಿ ಪಾನೀಯಗಳ ಮೇಲೆ ಹಿಡಿತವಿದ್ದರೆ ನಷ್ಟವಿಲ್ಲ.

ನಮ್ಮ ಕಾಲದ ಕ್ಷ-ಕಿರಣ

ಈಗ ನನ್ನ ಟ್ಯೂಬಿನ ಕಥೆಗೆ ಬರೋಣ. ಅದರಲ್ಲಿದ್ದದ್ದು ಸ್ಟೀರಾಯ್ಡ್. ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಮುಂತಾದವು ಇಸುಬಿನಂಥ ರೋಗಗಳಿಗೆ ವೈದ್ಯರು ಅಳತೆಯಿಂದ ಕೊಡುವ ಒಳ್ಳೆಯ ಔಷಧಗಳೇ. ಆದರೆ ನಮ್ಮ ದೇಶದಲ್ಲಿ ಅವು ಮೊಡವೆ ಕ್ರೀಮುಗಳಾಗಿ, ಬಿಳುಪಿನ ಕ್ರೀಮುಗಳಾಗಿ ಕೈಯಿಂದ ಕೈಗೆ ಹರಡಿವೆ. ಊತವನ್ನು ಕೂಡಲೇ ಇಳಿಸುವುದರಿಂದ ಪವಾಡವೆನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಹೆಣ್ಣುಮಕ್ಕಳ ಮುಖದಲ್ಲೂ ಕೂದಲು ಮೂಡುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಚರ್ಮತಜ್ಞರ ಒತ್ತಾಯದ ಬಳಿಕ ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು. ನಿಯಮ ಬಂತು, ಚೀಟಿ ಕೇಳುವ ಅಂಗಡಿ ಮತ್ತು ಚೀಟಿ ತರುವ ಗ್ರಾಹಕ ಇಬ್ಬರೂ ಬರಬೇಕಲ್ಲ!

ಹಾಗಾದರೆ ಮಾಡಬೇಕಾದದ್ದೇನು? ಕೇಳಲು ಇದು ಅಷ್ಟೇನೂ ರೋಚಕವಲ್ಲ. ದಿನಕ್ಕೆ ಎರಡು ಸಲ ಮೃದುವಾದ ಫೇಸ್‌ವಾಶಿನಿಂದ, ಉಜ್ಜದೆ ಮುಖ ತೊಳೆಯಬೇಕು. ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾಗಳನ್ನು ಅವುಗಳ ಜಾಗದಲ್ಲೇ ಬಿಡಬೇಕು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೆ ಅಲ್ಲಿಯೂ ರಂಧ್ರ ಮುಚ್ಚುತ್ತದೆ. ಎಣ್ಣೆ ಹಿತಮಿತವಾಗಿರಲಿ, ದಿಂಬಿನ ಕವರು ಆಗಾಗ ಒಗೆಯುವಂತಿರಲಿ. ಮೊಡವೆ ಹಿಸುಕಬಾರದು. ನಮ್ಮ ಮೈಬಣ್ಣದವರಿಗೆ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಅದನ್ನು ಇನ್ನಷ್ಟು ಗಾಢವಾಗಿಸುತ್ತದೆ. ಆದ್ದರಿಂದ ಸನ್‌ಸ್ಕ್ರೀನ್ ಬಳಕೆ ಷೋಕಿಯಲ್ಲ.

ಸಾಧಾರಣ ಮೊಡವೆಗೆ ವೈದ್ಯರು ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ಗಳನ್ನು ಬರೆದುಕೊಡುತ್ತಾರೆ. ಮೊದಲನೆಯದು ಬಟ್ಟೆಯ ಬಣ್ಣ ತೆಗೆಯುತ್ತದೆ, ಒಳ್ಳೆಯ ಟವೆಲ್ಲು ದೂರವಿರಲಿ. ಎರಡನೆಯದು ಆರಂಭದಲ್ಲಿ ತುಸು ಸಿಪ್ಪೆ ಏಳಿಸುತ್ತದೆ. ಆ್ಯಂಟಿಬಯಾಟಿಕ್ ಒಂದನ್ನೇ ನೆಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಬೆಣೆ ತೆಗೆಯುವುದು, ಸ್ಯಾಲಿಸಿಲಿಕ್ ಆಮ್ಲದ ಪೀಲಿಂಗ್ ಮುಂತಾದವನ್ನು ತರಬೇತಾದ ಕೈಗಳೇ ಮಾಡಬೇಕು. ಹುಡುಗಿಯರಲ್ಲಿ ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು ಇದ್ದರೆ ಅಂಡಾಶಯದ ತೊಂದರೆಯನ್ನೂ ತಪಾಸಣೆ ಮಾಡಿಸಬೇಕು. ಇಷ್ಟೆಲ್ಲ ಮಾಡಿದರೂ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು.

ನನ್ನ ಮುಖ ಸರಿಹೋಗಲು ಸುಮಾರು ಒಂದು ವರ್ಷವೇ ಹಿಡಿಯಿತು. ಕೆನ್ನೆಯ ಮೇಲೆ ಎರಡು ಗುಳಿಗಳು ಉಳಿದಿವೆ. ಮೊನ್ನೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು, ಹತ್ತನೆಯ ತರಗತಿಯವಳು, ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿದಳು, 'ಅಣ್ಣಾ, ಬೇಗ ಹೋಗೋಕೆ ಯಾವ ಕ್ರೀಮ್ ಒಳ್ಳೇದು?' ನಾನು ಕ್ರೀಮಿನ ಹೆಸರು ಹೇಳಲಿಲ್ಲ. ಮುಂದಿನ ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿದೆ. ಅವಳ ಮುಖ ಸಪ್ಪಗಾಯಿತು. ಬೇಗ ಎಂಬ ಮಾತಿಗೆ ಸಮಾಧಾನದ ಉತ್ತರ ನನ್ನ ಬಳಿಯೂ ಇರಲಿಲ್ಲ.