ಇಪ್ಪತ್ತರ ಗೆರೆ

ಮುಂಬೈಯ ಕಸದ ಲಾರಿ ಹಿಂದೆ ಇಬ್ಬರು ಓಡುತ್ತಾರೆ. ಕೆಲಸ ಒಂದೇ. ಒಬ್ಬರು ಪಾಲಿಕೆಯ ಕಾಯಂ ನೌಕರರು: ಪಿಎಫ್, ರಜೆ, ಆಸ್ಪತ್ರೆ ಖರ್ಚು ಎಲ್ಲ ಉಂಟು. ಇನ್ನೊಬ್ಬರದು ಗುತ್ತಿಗೆ, ಬರೀ ದಿನಗೂಲಿ.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಜನರಿಗಿಂತ ಕಡಿಮೆ ಇದ್ದಲ್ಲಿ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಕೆಲಸವನ್ನು ಸಣ್ಣ ಸಣ್ಣ ಗುತ್ತಿಗೆಗಳಾಗಿ ಒಡೆದರು. ಆಮೇಲೆ ಗುತ್ತಿಗೆದಾರ 'ಸಂಸ್ಥೆ'ಯಾದ, ಕಾರ್ಮಿಕ 'ಸ್ವಯಂಸೇವಕ'ನಾದ, ಕೂಲಿ 'ಗೌರವಧನ'ವಾಯಿತು. ಎಕ್ಸೆಲ್‌ನಲ್ಲಿ ಹೆಡ್‌ಕೌಂಟ್ ಅಡಗಿಸಿದವನು ನಾನೂ ಹೌದು. ಈ ಆಟ ಗುರುತು ಸಿಗದೇ ಇರುತ್ತದೆಯೇ?

ಕಚರಾ ವಾಹತುಕ್ ಶ್ರಮಿಕ್ ಸಂಘ ಬಿಡಲಿಲ್ಲ. 2014ರಲ್ಲಿ ಕೈಗಾರಿಕಾ ನ್ಯಾಯಮಂಡಳಿ 2,700 ಜನರನ್ನು ಕಾಯಂ ಮಾಡಿ ಎಂದಿತು. ಪಾಲಿಕೆ ಸುಪ್ರೀಂ ಕೋರ್ಟ್‌ವರೆಗೂ ಎಳೆದು, 2017ರ ಏಪ್ರಿಲ್‌ನಲ್ಲಿ ಅಲ್ಲೂ ಸೋತಿತು.

ಅಷ್ಟರಲ್ಲಿ ಮಹಾರಾಷ್ಟ್ರ ಸರ್ಕಾರ ಆ 20ರ ಮಿತಿಯನ್ನು 50ಕ್ಕೆ ಏರಿಸಿಯಾಗಿತ್ತು.